ಅಡುಗೆ ಕಟ್ಟೆಗೆ ಯಾವ ಕಲ್ಲು?

ಹೊಳಪು ಕೊಟ್ಟ ಕಡಪ ಕಲ್ಲಿನ ಮೇಲೆ ನಿಂಬೆಹಣ್ಣಿನ ನಾಲ್ಕು ಹನಿ ಹಿಂಡಿ, ಕಾಲು ಗಂಟೆ ಬಿಟ್ಟು ಒರೆಸಿ ನೋಡಿ. ರಸ ಬಿದ್ದ ಜಾಗ ಮಂಕಾಗಿರುತ್ತದೆ. ಸೋಪು ಹಾಕಿ ಎಷ್ಟು ತಿಕ್ಕಿದರೂ ಆ ಮಂಕು ಬಿಡುವುದಿಲ್ಲ. ಅಲ್ಲಿ ಯಾವ ಬಣ್ಣವೂ ಅಂಟಿಕೊಂಡಿಲ್ಲ. ಕಲ್ಲಿನ ಮೇಲ್ಮೈಯೇ ತುಸು ಕರಗಿಹೋಗಿದೆ. ಅದೇ ನಿಂಬೆರಸ ಚಾಮರಾಜನಗರದ ಕರಿಕಲ್ಲಿನ ಮೇಲೆ ರಾತ್ರಿಯಿಡೀ ಬಿದ್ದಿದ್ದರೂ ಬೆಳಿಗ್ಗೆ ಒರೆಸಿದರೆ ಹೊಳಪು ಹಾಗೇ ಇರುತ್ತದೆ. ಎರಡೂ ಕಪ್ಪು, ಎರಡೂ ತಣ್ಣಗೆ, ಎರಡೂ ಭಾರ. ಕಣ್ಣಿಗೆ ಅಕ್ಕತಂಗಿಯರಂತೆ ಕಂಡರೂ ಒಳಗಿನ ಖನಿಜ ಬೇರೆ ಬೇರೆ.

ಅಡುಗೆ ಕಟ್ಟೆ ಮನೆಯ ಬೇರೆಲ್ಲ ಕಲ್ಲುಗಳಿಗಿಂತ ಹೆಚ್ಚು ಕಷ್ಟ ಸಹಿಸುತ್ತದೆ. ಬೆಳಿಗ್ಗೆ ಕುದಿಯುವ ಹಾಲು ಉಕ್ಕಿ ಹರಿಯುತ್ತದೆ. ಹುಣಸೆ ರಸ ಚೆಲ್ಲುತ್ತದೆ, ಅರಿಸಿನದ ಎಣ್ಣೆ ಸಿಡಿಯುತ್ತದೆ. ಆಗಷ್ಟೇ ಒಲೆಯಿಂದ ಇಳಿಸಿದ ಬಾಣಲೆ ಬಂದು ಕೂರುತ್ತದೆ. ತೆಂಗಿನಕಾಯಿ ಒಡೆಯುವವರೂ ಶುಂಠಿ ಜಜ್ಜುವವರೂ ಅದೇ ಕಟ್ಟೆಯನ್ನು ನಂಬಿಕೊಂಡಿರುತ್ತಾರೆ. ನೆಲಹಾಸಿಗೆ ಅಥವಾ ದೇವರ ಮನೆಗೆ ಒಪ್ಪುವ ಕಲ್ಲು ಇಲ್ಲಿ ಒಂದೇ ವರ್ಷದಲ್ಲಿ ಸೋಲಬಹುದು.

ಈಗ ಪೇಟೆಯಲ್ಲಿ ನೆಲದಿಂದ ತೆಗೆದ ಕಲ್ಲಿನ ಪಕ್ಕದಲ್ಲೇ ಕಾರ್ಖಾನೆಯಲ್ಲಿ ತಯಾರಾದ ‘ಕ್ವಾರ್ಟ್ಜ್’ ಸ್ಲ್ಯಾಬುಗಳೂ ನಿಂತಿವೆ. ಅಂಗಡಿಯವರು ಬಣ್ಣ ತೋರಿಸುತ್ತಾರೆ, ಚದರ ಅಡಿಯ ಲೆಕ್ಕ ಹೇಳುತ್ತಾರೆ. ಕೊಳ್ಳುವವರು ಅದರ ಜೊತೆಗೆ ಎರಡು ಪ್ರಶ್ನೆ ಕೇಳಬೇಕು. ಈ ಕಲ್ಲಿನಲ್ಲಿ ಇರುವ ಖನಿಜ ಯಾವುದು? ಇದನ್ನು ನಮ್ಮ ಅಳತೆಗೆ ಕೊರೆಯುವ ಮನುಷ್ಯ ಏನನ್ನು ಉಸಿರಾಡುತ್ತಾನೆ? ಎರಡಕ್ಕೂ ಉತ್ತರ ಕೊಡುವುದು ಒಂದೇ ಖನಿಜಶಾಸ್ತ್ರ.

ಹುಳಿಗೆ ಕರಗುವ ಕಲ್ಲು, ಕರಗದ ಕಲ್ಲು

ಕಡಪ ಕಲ್ಲು, ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ರಾಜಸ್ಥಾನದ ಮಕ್ರಾನಾ ಅಮೃತಶಿಲೆ ಮೂರೂ ಒಂದೇ ಬಳಗಕ್ಕೆ ಸೇರಿದವು. ಮೊದಲೆರಡು ಹಿಂದೊಮ್ಮೆ ಸಮುದ್ರವಿದ್ದ ಕಡೆ ಪದರ ಪದರವಾಗಿ ಕೂತ ಸುಣ್ಣಕಲ್ಲು. ಪದರಗಳಾಗಿ ಸುಲಭವಾಗಿ ಏಳುವುದರಿಂದಲೇ ಯಂತ್ರಗಳಿಲ್ಲದ ಕಾಲದಲ್ಲೂ ಅವುಗಳಿಂದ ತೆಳು ಚಪ್ಪಡಿ ತೆಗೆಯುವುದು ಸಾಧ್ಯವಾಯಿತು. ನಮ್ಮ ಹಳೆಯ ಮನೆಗಳ ಕಟ್ಟೆ, ಅಟ್ಟ, ಕಪಾಟುಗಳಿಗೆಲ್ಲ ಅವೇ ಬಂದವು. ಅಮೃತಶಿಲೆಯೂ ಮೂಲತಃ ಸುಣ್ಣಕಲ್ಲೇ. ಭೂಮಿಯೊಳಗಿನ ಶಾಖ, ಒತ್ತಡಗಳಿಗೆ ಸಿಕ್ಕಿ ಅದರ ಹರಳುಗಳು ಹೊಸದಾಗಿ ಬೆಳೆದಿವೆ, ಅಷ್ಟೆ. ಮೂರರಲ್ಲೂ ಮುಖ್ಯ ಖನಿಜ ಕ್ಯಾಲ್ಸೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್.

ಈ ಖನಿಜಕ್ಕೂ ಹುಳಿಗೂ ಆಗಿಬರುವುದಿಲ್ಲ. ನಿಂಬೆಯ ಸಿಟ್ರಿಕ್ ಆಮ್ಲ, ಹುಣಸೆಯ ಟಾರ್ಟಾರಿಕ್ ಆಮ್ಲ, ಮಜ್ಜಿಗೆಯ ಲ್ಯಾಕ್ಟಿಕ್ ಆಮ್ಲ, ಯಾವುದು ತಾಗಿದರೂ ಕಾರ್ಬೊನೇಟ್ ಒಡೆದು ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ, ಕ್ಯಾಲ್ಸಿಯಂ ನೀರಿಗಿಳಿಯುತ್ತದೆ. ಪಾಲಿಶ್ ಎಂದರೆ ಬೆಳಕನ್ನು ಒಂದೇ ದಿಕ್ಕಿಗೆ ಮರಳಿಸುವಷ್ಟು ಸಪಾಟಾದ ಮೇಲ್ಮೈ. ಆಮ್ಲ ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಳ್ಳ ತೋಡಿದರೂ ಸಾಕು, ಬೆಳಕು ಚದುರಿ ಜಾಗ ಮಂಕಾಗುತ್ತದೆ. ಶೌಚಾಲಯ ತೊಳೆಯುವ ಆ್ಯಸಿಡ್ಡನ್ನು ಅಮೃತಶಿಲೆಗೆ ತಾಗಿಸಬಾರದು ಎಂದು ಮೇಸ್ತ್ರಿಗಳು ಎಚ್ಚರಿಸುವುದು ಇದೇ ಕಾರಣಕ್ಕೆ. ಹೈಡ್ರೋಕ್ಲೋರಿಕ್ ಆಮ್ಲದ ಕೈಯಲ್ಲಿ ಕ್ಯಾಲ್ಸೈಟ್ ಬುರಬುರನೆ ನೊರೆಯೇಳುವುದನ್ನು ಬರಿಗಣ್ಣಿನಲ್ಲೇ ನೋಡಬಹುದು.

‘ಮೆದು ಕಲ್ಲಾದ್ದರಿಂದ ಕರಗಿತು’ ಎಂದು ಇದಕ್ಕೆ ಸಮಜಾಯಿಷಿ ಕೊಡುವವರಿದ್ದಾರೆ. ಅದು ಸರಿಯಲ್ಲ. ಮಲೆನಾಡಿನ ಮತ್ತು ಕರಾವಳಿಯ ಮನೆಗಳಲ್ಲಿ ಉಪ್ಪಿನಕಾಯಿ ಹಾಕಿಡುತ್ತಿದ್ದ ಬಳಪದ ಕಲ್ಲಿನ ಮರಿಗೆಯನ್ನು ನೆನೆಸಿಕೊಳ್ಳಿ. ಬಳಪದ ಕಲ್ಲಿನ ಮುಖ್ಯ ಖನಿಜವಾದ ಟಾಲ್ಕ್ ಉಗುರಿನಿಂದ ಗೀರಬಹುದಾದಷ್ಟು ಮೆದು. ಹೊಯ್ಸಳ ಶಿಲ್ಪಿಗಳು ಅದರಲ್ಲಿ ಒಡವೆಯ ಎಳೆ ಎಳೆಯನ್ನೂ ಕಡೆಯಲು ಸಾಧ್ಯವಾದದ್ದು ಆ ಮೆದುತನದಿಂದಲೇ. ಆದರೂ ಉಪ್ಪು, ಹುಳಿ, ಖಾರ ತುಂಬಿ ತಿಂಗಳುಗಟ್ಟಲೆ ಇಟ್ಟರೂ ಮರಿಗೆ ಕರಗುವುದಿಲ್ಲ. ಟಾಲ್ಕ್ ಒಂದು ಸಿಲಿಕೇಟ್. ಸಿಲಿಕಾನ್ ಮತ್ತು ಆಮ್ಲಜನಕದ ಬಂಧವನ್ನು ಅಡುಗೆಮನೆಯ ಯಾವ ಆಮ್ಲವೂ ಅಷ್ಟು ಸುಲಭವಾಗಿ ಬಿಡಿಸಲಾರದು. ಗಡಸುತನ ಒಂದು ಗುಣ, ಹುಳಿ ತಡೆಯುವ ಶಕ್ತಿ ಇನ್ನೊಂದು ಗುಣ. ಅಡುಗೆ ಕಟ್ಟೆಗೆ ಎರಡೂ ಬೇಕು.

ಗ್ರಾನೈಟ್ ಅಂಗಡಿಯಲ್ಲಿ ಏನೇನಿದೆ

ಎರಡೂ ಗುಣ ಒಟ್ಟಿಗಿರುವ ಕಲ್ಲಿಗಾಗಿ ಕನ್ನಡಿಗರು ದೂರ ಹೋಗಬೇಕಿಲ್ಲ. ಬೆಂಗಳೂರಿನ ದಕ್ಷಿಣಕ್ಕಿರುವ ಜಿಗಣಿಯಲ್ಲಿ ರಸ್ತೆಯುದ್ದಕ್ಕೂ ನಿಲ್ಲಿಸಿಟ್ಟ ಸ್ಲ್ಯಾಬುಗಳ ನಡುವೆ ನಡೆಯುವುದೆಂದರೆ ಅರ್ಧ ಭೂವಿಜ್ಞಾನದ ಪಾಠ ಕೇಳಿದಂತೆ.

ಪಾಠ ಶುರುವಾಗುವುದು ನಿಜವಾದ ಗ್ರಾನೈಟಿನಿಂದ. ನೆಲದಾಳದಲ್ಲಿ ಕರಗಿದ ಶಿಲಾರಸ ಮೇಲೆ ಬಾರದೆ ಅಲ್ಲೇ ನಿಧಾನವಾಗಿ ಆರಿದಾಗ ಹರಳುಗಳಿಗೆ ಬೆಳೆಯಲು ಸಮಯ ಸಿಗುತ್ತದೆ. ಗುಲಾಬಿ ಅಥವಾ ಬಿಳಿಯ ಹರಳು ಫೆಲ್ಡ್‌ಸ್ಪಾರ್, ಗಾಜಿನಂತೆ ಬೂದುಬಣ್ಣದಲ್ಲಿ ಕಾಣುವುದು ಬೆಣಚು (ಕ್ವಾರ್ಟ್ಜ್), ಮಿರುಗುವ ಕರಿ ಚುಕ್ಕೆ ಕಾಗೆಬಂಗಾರ. ರಾಮನಗರದ ಬೆಟ್ಟಗಳನ್ನು ಕಟ್ಟಿರುವ ಗ್ರಾನೈಟಿಗೆ ಭೂವಿಜ್ಞಾನಿಗಳು ಆ ಊರಿನ ಹಳೆಯ ಹೆಸರಿನಿಂದ ‘ಕ್ಲೋಸ್‌ಪೇಟೆ ಗ್ರಾನೈಟ್’ ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಕೆಂಪು, ಗುಲಾಬಿ ಕಲ್ಲುಗಳು ಇಳಕಲ್ ಸೀರೆಯಷ್ಟೇ ದೂರ ಆ ಊರಿನ ಹೆಸರನ್ನು ಒಯ್ದಿವೆ.

ಸುಳಿ ಸುಳಿಯಾಗಿ ಪಟ್ಟೆ ಹರಿದಿರುವ ‘ಮಲ್ಟಿ ಕಲರ್’ ಸ್ಲ್ಯಾಬುಗಳು ನೈಸ್ ಎಂಬ ಕಲ್ಲಿನವು. ಹಳೆಯ ಶಿಲೆಯೊಂದು ಮತ್ತೆ ಕಾದು, ಅರ್ಧ ಮೆತ್ತಗಾಗಿ, ಹಿಂಡಿಹೋದಾಗ ಆ ಪಟ್ಟೆಗಳು ಮೂಡಿವೆ. ಕನಕಪುರದ ಸುತ್ತಮುತ್ತ ಇಂಥ ಕಲ್ಲು ಸಿಗುತ್ತದೆ. ಲಾಲ್‌ಬಾಗಿನ ಬಂಡೆಯೂ ನೈಸ್ ಬಳಗದ್ದೇ. ಸುಮಾರು 300 ಕೋಟಿ ವರ್ಷದ ಆ ಬಂಡೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ.

ಅಡುಗೆ ಕಟ್ಟೆಯ ದೃಷ್ಟಿಯಿಂದ ಬಹಳ ಮುಖ್ಯವಾದದ್ದು ಕರಿಕಲ್ಲು. ವ್ಯಾಪಾರದಲ್ಲಿ ಇದನ್ನು ‘ಬ್ಲ್ಯಾಕ್ ಗ್ರಾನೈಟ್’ ಎಂದರೂ ಖನಿಜದ ಲೆಕ್ಕದಲ್ಲಿ ಇದು ಡಾಲರೈಟ್. ಚಾಮರಾಜನಗರದ ಕಡೆ ಹಳೆಯ ಬಂಡೆಗಳು ಬಿರುಕು ಬಿಟ್ಟಾಗ ಆಳದಿಂದ ನುಗ್ಗಿದ ಶಿಲಾರಸ ಆ ಬಿರುಕುಗಳಲ್ಲೇ ಗೋಡೆ ಗೋಡೆಯಾಗಿ ಗಟ್ಟಿಯಾಯಿತು. ಅದರಲ್ಲಿ ಕಬ್ಬಿಣ, ಮೆಗ್ನೀಸಿಯಂ ಹೆಚ್ಚು. ಮುಖ್ಯ ಖನಿಜಗಳು ಪೈರಾಕ್ಸೀನ್ ಮತ್ತು ಒಂದು ಬಗೆಯ ಫೆಲ್ಡ್‌ಸ್ಪಾರ್. ಬೆಣಚು ತೀರಾ ಕಡಿಮೆ. ಹರಳುಗಳು ಸಣ್ಣವು, ಒಂದರೊಳಗೊಂದು ಹೆಣೆದುಕೊಂಡಿವೆ, ನಡುವೆ ಖಾಲಿ ಜಾಗ ಇಲ್ಲವೆನ್ನುವಷ್ಟು ಕಡಿಮೆ. ಕೈಯಲ್ಲಿ ಎತ್ತಿದರೂ ವ್ಯತ್ಯಾಸ ಗೊತ್ತಾಗುತ್ತದೆ. 20 ಮಿಲಿಮೀಟರ್ ದಪ್ಪದ ಸಾಮಾನ್ಯ ಗ್ರಾನೈಟ್ ಚದರ ಅಡಿಗೆ ಸುಮಾರು 5 ಕಿಲೋ ತೂಗಿದರೆ, ಅಷ್ಟೇ ದಪ್ಪದ ಕರಿಕಲ್ಲು ಐದೂವರೆ ಕಿಲೋ ದಾಟುತ್ತದೆ.

ಗ್ರಾನೈಟಿನಿಂದ ವಿಕಿರಣ ಹೊಮ್ಮುತ್ತದೆ ಎಂಬ ಭಯ ಆಗಾಗ ಹರಡುತ್ತದೆ. ಗ್ರಾನೈಟಿನಲ್ಲಿ ಯುರೇನಿಯಂ, ಥೋರಿಯಂ ಮತ್ತು ವಿಕಿರಣಶೀಲ ಪೊಟ್ಯಾಸಿಯಂ ಅತ್ಯಲ್ಪ ಪ್ರಮಾಣದಲ್ಲಿ ಇರುವುದು ನಿಜ. ಅವು ನಾವು ಕಾಲಿಟ್ಟ ನೆಲದಲ್ಲೂ ಗೋಡೆಯ ಇಟ್ಟಿಗೆಯಲ್ಲೂ ಇವೆ. ಅಡುಗೆ ಕಟ್ಟೆಯ ಕಲ್ಲು ಮನೆಯ ಸಹಜ ವಿಕಿರಣವನ್ನು ಗಣನೀಯವಾಗಿ ಹೆಚ್ಚಿಸುವ ಸಂಭವ ತೀರಾ ಕಡಿಮೆ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳಿದೆ. ಈ ಭಯಕ್ಕೆ ಗ್ರಾನೈಟ್ ಬಿಡಬೇಕಾಗಿಲ್ಲ.

ಗೀರು, ಕಲೆ, ಬಿರುಕು

ಖನಿಜಗಳ ಗಡಸುತನ ಅಳೆಯಲು ಜರ್ಮನಿಯ ಫ್ರೀಡ್ರಿಕ್ ಮೋಸ್ 1812ರಲ್ಲಿ ಒಂದು ಸರಳ ಮಾಪಕ ರೂಪಿಸಿದರು. ಯಾವ ಖನಿಜ ಯಾವುದನ್ನು ಗೀರಬಲ್ಲದು ಎಂಬುದೇ ಅದರ ಆಧಾರ. ಟಾಲ್ಕ್ 1, ಕ್ಯಾಲ್ಸೈಟ್ 3, ಫೆಲ್ಡ್‌ಸ್ಪಾರ್ 6, ಬೆಣಚು 7, ವಜ್ರ 10. ಅಡುಗೆಮನೆಯ ಚಾಕು ಸುಮಾರು ಐದೂವರೆಯ ಆಸುಪಾಸಿನಲ್ಲಿದೆ. ಅಮೃತಶಿಲೆಯ ಮೇಲೆ ಈರುಳ್ಳಿ ಹೆಚ್ಚಿದರೆ ಕಲ್ಲು ಗೀರಾಗುತ್ತದೆ. ಗ್ರಾನೈಟಿನ ಮೇಲೆ ಹೆಚ್ಚಿದರೆ ಚಾಕು ಮೊಂಡಾಗುತ್ತದೆ. ಗ್ರಾನೈಟಿನ ಹೊಳಪನ್ನು ವರ್ಷಗಳಲ್ಲಿ ಕೆಡಿಸುವುದು ಚಾಕುವಿಗಿಂತ ಹೆಚ್ಚಾಗಿ ಮರಳು. ಮರಳೆಂದರೆ ಬಹುಪಾಲು ಬೆಣಚೇ. ಮಿಕ್ಸಿಯ ಅಡಿಯಲ್ಲೋ ಅಕ್ಕಿಡಬ್ಬದ ಅಡಿಯಲ್ಲೋ ಸಿಕ್ಕಿಕೊಂಡ ಮರಳು, ಎಳೆದಾಗಲೆಲ್ಲ ಫೆಲ್ಡ್‌ಸ್ಪಾರಿನ ಹರಳುಗಳನ್ನು ತಿಕ್ಕುತ್ತದೆ.

ಕಲೆಯ ವಿಷಯವೇ ಬೇರೆ. ಕಲೆಗೆ ಒಳಗಿಳಿಯಲು ದಾರಿ ಬೇಕು. ಗ್ರಾನೈಟಿನ ಹರಳುಗಳ ನಡುವೆ ಸೂಕ್ಷ್ಮ ಸಂದುಗಳಿರುತ್ತವೆ. ಒಳ್ಳೆಯ ಕಲ್ಲು ತನ್ನ ತೂಕದ ಶೇ. 0.4ಕ್ಕಿಂತ ಹೆಚ್ಚು ನೀರು ಕುಡಿಯಬಾರದು ಎಂಬುದು ಅಮೆರಿಕದ ಮಾನದಂಡ. ತಿಳಿಬಣ್ಣದ, ದಪ್ಪ ಹರಳಿನ ಕಲ್ಲುಗಳಲ್ಲಿ ಸಂದು ಹೆಚ್ಚು, ಮೇಲಾಗಿ ಅವುಗಳಲ್ಲಿ ಕಲೆ ಎದ್ದು ಕಾಣುತ್ತದೆ. ಇದನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ಸ್ಲ್ಯಾಬಿನ ಮೇಲೆ ಒಂದು ಚಮಚ ನೀರು ಹಾಕಿ, ಹತ್ತು ಹದಿನೈದು ನಿಮಿಷ ಕಾದು ಒರೆಸಿ. ಒರೆಸಿದ ಜಾಗ ಕಪ್ಪಾಗಿ ಕಂಡರೆ ಕಲ್ಲು ನೀರು ಕುಡಿದಿದೆ, ನಾಳೆ ಎಣ್ಣೆಯನ್ನೂ ಕುಡಿಯುತ್ತದೆ. ಅಂಥ ಕಲ್ಲಿಗೆ ಸೀಲರ್ ಬೇಕು. ಒಳ್ಳೆಯ ಸೀಲರ್ ಕಲ್ಲಿನ ಮೇಲೆ ಪೊರೆ ಕಟ್ಟುವುದಿಲ್ಲ. ಸಂದುಗಳೊಳಗೆ ಇಳಿದು ಅವುಗಳ ಗೋಡೆಗೆ ಅಂಟಿ, ನೀರು ಹರಡದಂತೆ ಮಾಡುತ್ತದೆ. ಕೆಲವು ವರ್ಷಗಳಿಗೊಮ್ಮೆ ಮತ್ತೆ ಹಚ್ಚಬೇಕು. ದಟ್ಟವಾದ ಕರಿಕಲ್ಲಿಗೆ ಸಾಮಾನ್ಯವಾಗಿ ಇದರ ಅಗತ್ಯವೇ ಬೀಳುವುದಿಲ್ಲ.

ಕರಿಕಲ್ಲು ಕೊಳ್ಳುವಾಗ ಬೇರೆಯದೇ ಎಚ್ಚರ ಬೇಕು. ಬೂದುಬಣ್ಣದ ಕಲ್ಲಿಗೆ ಕಪ್ಪು ಬಣ್ಣ ಕುಡಿಸಿ ಮಾರುವುದುಂಟು. ಬಿಳಿ ಬಟ್ಟೆಗೆ ಉಗುರುಬಣ್ಣ ತೆಗೆಯುವ ಅಸಿಟೋನ್ ಹಾಕಿ ಸ್ಲ್ಯಾಬನ್ನು ಉಜ್ಜಿದರೆ ಬಟ್ಟೆಗೆ ಕಪ್ಪು ಹತ್ತಬಾರದು. ಹತ್ತಿದರೆ ಆ ಕಪ್ಪು ಖನಿಜದ್ದಲ್ಲ.

ಇನ್ನು ಬಿರುಕು. ಕಲ್ಲು ಅದುಮಿದರೆ ಸೋಲದು, ಬಾಗಿಸಿದರೆ ಸೋಲುತ್ತದೆ. ಗ್ರಾನೈಟಿನ ಬಾಗುವ ಬಲ ಅದರ ಅದುಮು ಬಲದ ಹತ್ತನೇ ಒಂದು ಭಾಗದಷ್ಟೂ ಇರುವುದಿಲ್ಲ. ಆದ್ದರಿಂದ ಕಟ್ಟೆ ಬಿರುಕು ಬಿಡುವುದು ಸಾಮಾನ್ಯವಾಗಿ ಸಿಂಕಿನ ಹತ್ತಿರ. ಸಿಂಕ್ ಕಟಿಂಗ್ ಆದಮೇಲೆ ಅದರ ಹಿಂದೆ ಮುಂದೆ ಉಳಿಯುವುದು ಗೇಣಿಗಿಂತ ಕಡಿಮೆ ಅಗಲದ ಪಟ್ಟಿ. ಕಲ್ಲಿನೊಳಗಿನ ಒತ್ತಡವೆಲ್ಲ ತೂತಿನ ಮೂಲೆಗಳಿಗೆ ಬಂದು ಸೇರುತ್ತದೆ. ಮೂಲೆ ಚೂಪಾಗಿದ್ದಷ್ಟೂ ಒತ್ತಡ ಹೆಚ್ಚು. ಅನುಭವಿ ಮೇಸ್ತ್ರಿ ಮೊದಲು ನಾಲ್ಕೂ ಮೂಲೆಗಳಲ್ಲಿ ದುಂಡಗೆ ತೂತು ಕೊರೆದು, ಆಮೇಲೆ ಅವುಗಳ ನಡುವೆ ನೇರವಾಗಿ ಬ್ಲೇಡು ಓಡಿಸುತ್ತಾನೆ. ಹಾಗೆ ಮಾಡಿದಾಗ ಬ್ಲೇಡು ಮೂಲೆ ದಾಟಿ ಗೀರು ಬಿಡುವುದಿಲ್ಲ, ದುಂಡು ಮೂಲೆ ಒತ್ತಡವನ್ನು ಹಂಚುತ್ತದೆ. ಇದನ್ನು ಹೇಳಿ ಮಾಡಿಸಿಕೊಳ್ಳಬೇಕು. ಪಾಲಿಶ್ ಮಾಡುವ ಮುಂಚೆ ಹಲವು ನೈಸರ್ಗಿಕ ಸ್ಲ್ಯಾಬುಗಳ ಸೂಕ್ಷ್ಮ ಬಿರುಕುಗಳಿಗೂ ಕಾರ್ಖಾನೆಯಲ್ಲಿ ಎಪಾಕ್ಸಿ ತುಂಬಿರುತ್ತಾರೆ, ಹಿಂಬದಿಗೆ ಫೈಬರ್ ಬಲೆ ಅಂಟಿಸಿರುತ್ತಾರೆ. ಅದು ಮೋಸವೇನೂ ಅಲ್ಲ. ಆದರೆ ಬಲೆ ಅಂಟಿಸಿದ ಕಲ್ಲನ್ನು ಆಧಾರವಿಲ್ಲದೆ ಮುಂದಕ್ಕೆ ಚಾಚಿ ಕೂರಿಸಬಾರದು.

ಕಾರ್ಖಾನೆಯಲ್ಲಿ ಹುಟ್ಟುವ ಕಲ್ಲು

ನೈಸರ್ಗಿಕ ಕಲ್ಲಿನಲ್ಲಿ ಒಂದು ಸ್ಲ್ಯಾಬಿನ ಹಾಗೆ ಇನ್ನೊಂದಿಲ್ಲ. ಇದು ಕೆಲವರಿಗೆ ಸೊಗಸು, ಕೆಲವರಿಗೆ ತೊಡಕು. ಒಂದೇ ಬಣ್ಣದ, ಕಲೆ ಕುಡಿಯದ, ಬೇಕಾದಷ್ಟು ಉದ್ದ ಸಿಗುವ ಕಲ್ಲನ್ನು ತಯಾರಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಇಟಲಿಯಿಂದ. ಅಲ್ಲಿನ ಟ್ರೆವಿಸೊ ಪ್ರಾಂತ್ಯದಲ್ಲಿ ಮಾರ್ಚೆಲ್ಲೊ ಟೊನ್ಚೆಲ್ಲಿ 1963ರಲ್ಲಿ ಕಟ್ಟಿದ ಬ್ರೆಟನ್ ಕಂಪನಿ ಕಲ್ಲಿನ ಚೂರುಗಳನ್ನು ಒತ್ತಿ ಸ್ಲ್ಯಾಬು ಮಾಡುವ ವಿಧಾನವನ್ನು ರೂಪಿಸಿತು. ಇಸ್ರೇಲಿನ ಸೀಸರ್‌ಸ್ಟೋನ್, ಸ್ಪೇನಿನ ಸೈಲ್‌ಸ್ಟೋನ್ ಮೊದಲಾದ ಹೆಸರುಗಳ ಮೂಲಕ ಈ ಬಗೆಯ ಕಲ್ಲು ಲೋಕದ ಅಡುಗೆಮನೆಗಳಿಗೆ ಹರಡಿತು. ಭಾರತದಲ್ಲೂ ಈಗ ಇದರ ಕಾರ್ಖಾನೆಗಳಿವೆ.

ತಯಾರಿಕೆ ಹೀಗೆ. ಬೆಣಚುಕಲ್ಲನ್ನು ಒಡೆದು ದಪ್ಪ ಹರಳು, ಸಣ್ಣ ರವೆ, ನುಣ್ಣನೆಯ ಹಿಟ್ಟು ಎಂದು ವಿಂಗಡಿಸುತ್ತಾರೆ. ದಪ್ಪ ಹರಳುಗಳ ನಡುವಿನ ಜಾಗದಲ್ಲಿ ರವೆ, ರವೆಯ ನಡುವಿನ ಜಾಗದಲ್ಲಿ ಹಿಟ್ಟು ಕೂರುವಂತೆ ಬೆರೆಸಿದರೆ ಅಂಟು ಬಹಳ ಕಡಿಮೆ ಸಾಕು. ಆ ಅಂಟು ಪಾಲಿಎಸ್ಟರ್ ರೆಸಿನ್. ಬಣ್ಣವನ್ನೂ, ಬೆಣಚಿಗೂ ರೆಸಿನ್ನಿಗೂ ಬೆಸುಗೆ ಹಾಕುವ ಸಿಲೇನ್ ಎಂಬ ರಾಸಾಯನಿಕವನ್ನೂ ಸೇರಿಸಿ ಅಚ್ಚಿನಲ್ಲಿ ಹರಡುತ್ತಾರೆ. ಗಾಳಿಯನ್ನು ಹೊರಗೆಳೆದು ನಿರ್ವಾತದಲ್ಲಿ ಅದುರಿಸುತ್ತ ಒತ್ತುತ್ತಾರೆ. ಆಮೇಲೆ ಒಲೆಯಲ್ಲಿ ಹದವಾಗಿ ಕಾಯಿಸಿದಾಗ ರೆಸಿನ್ ಗಟ್ಟಿಯಾಗುತ್ತದೆ. ಕಡಲೆ ಚಿಕ್ಕಿಯಲ್ಲಿ ಬೀಜವೇ ಹೆಚ್ಚು, ಬೆಲ್ಲ ಕಡಿಮೆ. ಆದರೂ ಬಿಸಿಲಿಗಿಟ್ಟರೆ ಚಿಕ್ಕಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ತೀರ್ಮಾನಿಸುವುದು ಬೆಲ್ಲ. ಈ ಕಲ್ಲಿನಲ್ಲಿ ಬೆಲ್ಲದ ಜಾಗ ರೆಸಿನ್ನಿನದು.

‘ಶೇ. 93 ಕ್ವಾರ್ಟ್ಜ್’ ಎಂದು ಮಾರಾಟಗಾರರು ಹೇಳುವುದು ತೂಕದ ಲೆಕ್ಕ. ಗಾತ್ರದ ಲೆಕ್ಕವನ್ನು ನಾವೇ ಮಾಡಿ ನೋಡಬಹುದು. ಬೆಣಚಿನ ಸಾಂದ್ರತೆ ಸುಮಾರು 2.65, ರೆಸಿನ್ನಿನದು ಸುಮಾರು 1.2. ನೂರು ಗ್ರಾಂ ಕಲ್ಲಿನಲ್ಲಿ 93 ಗ್ರಾಂ ಬೆಣಚು ಹಿಡಿಯುವ ಜಾಗ 35 ಘನ ಸೆಂಟಿಮೀಟರ್, 7 ಗ್ರಾಂ ರೆಸಿನ್ ಹಿಡಿಯುವ ಜಾಗ ಆರರ ಹತ್ತಿರ. ಅಂದರೆ ಸ್ಲ್ಯಾಬಿನ ಏಳನೇ ಒಂದು ಭಾಗ ಪ್ಲಾಸ್ಟಿಕ್. ರೆಸಿನ್ ಶೇ. 10 ಇದ್ದರೆ ಐದನೇ ಒಂದು ಭಾಗವೇ ಆಗುತ್ತದೆ.

ಕ್ವಾರ್ಟ್ಜ್ ಸ್ಲ್ಯಾಬಿನ ಒಳ್ಳೆಯದು ಕೆಟ್ಟದು ಎರಡೂ ಈ ಲೆಕ್ಕದಿಂದಲೇ ತಿಳಿಯುತ್ತದೆ. ಸಂದುಗಳನ್ನೆಲ್ಲ ರೆಸಿನ್ ತುಂಬಿರುವುದರಿಂದ ನೀರು, ಎಣ್ಣೆ ಒಳಗಿಳಿಯವು; ಸೀಲರ್ ಬೇಡ. ಬೆಣಚು ಗಡಸು, ಹುಳಿಗೂ ಜಗ್ಗದು. ಬಾಗುವ ಬಲ ಸಾಮಾನ್ಯ ಗ್ರಾನೈಟಿಗಿಂತ ಹೆಚ್ಚು. ಆದರೆ ಬಿಸಿ ತಡೆಯುವುದು ಕಷ್ಟ. ಪ್ರೆಷರ್ ಕುಕ್ಕರಿನ ಒಳಗೆ ಸುಮಾರು 120 ಡಿಗ್ರಿ ಸೆಲ್ಸಿಯಸ್, ಪೂರಿ ಕರಿಯುವ ಎಣ್ಣೆ 180 ಡಿಗ್ರಿಯ ಮೇಲೆ, ಖಾಲಿ ಕಾದ ಕಾವಲಿ ಇನ್ನೂ ಮೇಲೆ. ಪಾಲಿಎಸ್ಟರ್ ರೆಸಿನ್ 150 ಡಿಗ್ರಿಯ ಆಚೆ ಹೋದಂತೆ ಹಾಳಾಗತೊಡಗಿ ಹಳದಿಗಟ್ಟುತ್ತದೆ ಅಥವಾ ಬೆಳ್ಳನೆಯ ಗುರುತು ಉಳಿಯುತ್ತದೆ. ಅದೂ ಅಲ್ಲದೆ ಬಿಸಿಗೆ ರೆಸಿನ್ ಬೆಣಚಿಗಿಂತ ಹಲವು ಪಟ್ಟು ಹೆಚ್ಚು ಹಿಗ್ಗುತ್ತದೆ. ಒಂದೇ ಜಾಗ ಕಾದು ಸುತ್ತಲಿನದು ತಣ್ಣಗಿದ್ದರೆ ಸ್ಲ್ಯಾಬು ಸೀಳಲೂಬಹುದು. ಗ್ರಾನೈಟ್ ಹುಟ್ಟಿದ್ದೇ 700 ಡಿಗ್ರಿಯ ಆಸುಪಾಸಿನಲ್ಲಿ. ಬಾಣಲೆಯ ಬಿಸಿ ಅದಕ್ಕೆ ಲೆಕ್ಕಕ್ಕಿಲ್ಲ. ಕ್ವಾರ್ಟ್ಜ್ ಕಟ್ಟೆ ಇರುವ ಮನೆಯಲ್ಲಿ ಪಾತ್ರೆಯ ಅಡಿಗೆ ಸಿಂಬೆ ಇಡುವುದು ರೂಢಿಯಾಗಲೇಬೇಕು.

ಅರಿಸಿನವೂ ಇಲ್ಲಿ ತೊಂದರೆ ಕೊಡುತ್ತದೆ. ಅದರ ಬಣ್ಣದ ಅಣುವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ. ಎಣ್ಣೆಯಲ್ಲೂ ಪ್ಲಾಸ್ಟಿಕ್ಕಿನಲ್ಲೂ ನೆಲೆಯೂರುತ್ತದೆ. ಒಗ್ಗರಣೆಯ ಎಣ್ಣೆ ಬಿಳಿ ಕ್ವಾರ್ಟ್ಜ್ ಮೇಲೆ ಸಿಡಿದು ಹಾಗೇ ಉಳಿದರೆ ಹಳದಿ ಕಲೆ ಮೇಲ್ಪದರದ ರೆಸಿನ್ನಿಗೆ ಅಂಟುತ್ತದೆ. ಕೂಡಲೇ ಸೋಪುನೀರಿನಿಂದ ಒರೆಸಿದರೆ ಚಿಂತೆಯಿಲ್ಲ. ಬಿಸಿಲು ಕರ್ಕ್ಯುಮಿನ್ನನ್ನು ಒಡೆಯುತ್ತದೆ, ನಿಜ. ಆದರೆ ಅದೇ ಬಿಸಿಲಿನ ನೇರಳಾತೀತ ಕಿರಣ ರೆಸಿನ್ನನ್ನೂ ಹಳದಿಗಟ್ಟಿಸುತ್ತದೆ. ಹಾಗಾಗಿ ತಾರಸಿಯಲ್ಲೋ ಹಿತ್ತಿಲಲ್ಲೋ ಬಿಸಿಲು ಬೀಳುವ ಕಟ್ಟೆಗೆ ಕ್ವಾರ್ಟ್ಜ್ ಸಲ್ಲದು.

ಕೃತಕ ಮೇಲ್ಮೈಗಳಲ್ಲಿ ಇನ್ನೂ ಎರಡು ಬಗೆ ಉಂಟು. 1967ರಲ್ಲಿ ಡುಪಾಂಟ್ ಕಂಪನಿ ರೂಪಿಸಿದ ಕೊರಿಯನ್ ಬಳಗದ ಹಲಗೆಗಳು ಅಕ್ರಿಲಿಕ್ ಪ್ಲಾಸ್ಟಿಕ್ಕಿಗೆ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಪುಡಿ ಬೆರೆಸಿ ಮಾಡಿದವು. ಬೆಸುಗೆ ಕಾಣದಂತೆ ಜೋಡಿಸಬಹುದು, ಗೀರು ಬಿದ್ದರೆ ತಿಕ್ಕಿ ತೆಗೆಯಬಹುದು, ಆದರೆ ಬಿಸಿಗೆ ಕ್ವಾರ್ಟ್ಜ್‌ಗಿಂತಲೂ ಬೇಗ ಸೋಲುತ್ತವೆ. ಸಿಂಟರ್ಡ್ ಸ್ಲ್ಯಾಬುಗಳಲ್ಲಿ ರೆಸಿನ್ ಇಲ್ಲ. ಖನಿಜಗಳ ಪುಡಿಯನ್ನು ಭಾರಿ ಒತ್ತಡದಲ್ಲಿ ಅದುಮಿ ಸುಮಾರು 1200 ಡಿಗ್ರಿಯಲ್ಲಿ ಸುಟ್ಟು ಮಾಡುತ್ತಾರೆ. ಬಿಸಿ, ಬಿಸಿಲು, ಹುಳಿ ಯಾವುದಕ್ಕೂ ಅಂಜವು. ಅಂಚು ಮಾತ್ರ ಪೆಟ್ಟಿಗೆ ಚಕ್ಕೆ ಏಳುತ್ತದೆ, ಕೊರೆಯಲು ಪಳಗಿದ ಕೈ ಬೇಕು.

ಕೊರೆಯುವಾಗ ಏಳುವ ದೂಳು

ಇಷ್ಟೇ ಆಗಿದ್ದರೆ ಕ್ವಾರ್ಟ್ಜ್ ಮತ್ತು ಗ್ರಾನೈಟ್ ನಡುವಿನ ಆಯ್ಕೆ ಅಭಿರುಚಿಯ ಮಾತಾಗುತ್ತಿತ್ತು. ಅದನ್ನು ಅದಕ್ಕಿಂತ ದೊಡ್ಡದಾಗಿಸಿರುವುದು ಬೆಣಚಿನ ದೂಳು.

ಬೆಣಚೆಂದರೆ ಹರಳುರೂಪದ ಸಿಲಿಕಾ. ಅದು ಪುಡಿಯಾಗಿ, ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಚಿಕ್ಕ ಕಣವಾದಾಗ ಮೂಗು, ಗಂಟಲು ಅದನ್ನು ತಡೆಯಲಾರವು. ಕಣ ಶ್ವಾಸಕೋಶದ ಕಟ್ಟಕಡೆಯ ಗಾಳಿಚೀಲಕ್ಕೆ ಇಳಿಯುತ್ತದೆ. ಅಲ್ಲಿ ಕಾವಲಿರುವ ಮ್ಯಾಕ್ರೊಫೇಜ್ ಎಂಬ ಜೀವಕೋಶ ಅದನ್ನು ನುಂಗುತ್ತದೆ. ರೋಗಾಣುವನ್ನಾದರೆ ಕರಗಿಸಿಬಿಡುತ್ತಿತ್ತು, ಹುಳಿಗೆ ಜಗ್ಗದ ಬೆಣಚು ಜೀವಕೋಶದ ಆಮ್ಲಕ್ಕೂ ಜಗ್ಗುವುದಿಲ್ಲ. ಅಡುಗೆ ಕಟ್ಟೆಯಲ್ಲಿ ನಾವು ಮೆಚ್ಚುವ ಗುಣವೇ ಇಲ್ಲಿ ಕೊಲ್ಲುವ ಗುಣವಾಗುತ್ತದೆ. ಹೊಸದಾಗಿ ಒಡೆದ ಕಣದ ಮೇಲ್ಮೈ ಜೀವಕೋಶದ ಒಳಚೀಲವನ್ನು ಹರಿಯುತ್ತದೆ. ಜೀವಕೋಶ ಸಾಯುತ್ತ ಉರಿಯೂತದ ಸಂಕೇತ ಕಳಿಸುತ್ತದೆ, ಹೊರಬಿದ್ದ ಕಣವನ್ನು ಇನ್ನೊಂದು ಜೀವಕೋಶ ನುಂಗುತ್ತದೆ. ಈ ಸರಣಿ ನಿಲ್ಲುವುದಿಲ್ಲ. ಉರಿಯೂತವಾದ ಕಡೆಯೆಲ್ಲ ಗಾಯದ ನಾರು ಬೆಳೆದು ಶ್ವಾಸಕೋಶ ಬಿರುಸಾಗುತ್ತದೆ. ಇದೇ ಸಿಲಿಕೋಸಿಸ್. ದೂಳಿನ ಕೆಲಸ ಬಿಟ್ಟ ಮೇಲೂ ಅದು ಮುಂದುವರಿಯಬಹುದು, ಕ್ಷಯರೋಗಕ್ಕೆ ಬಾಗಿಲು ತೆರೆಯುತ್ತದೆ. ಗುಣಪಡಿಸುವ ಔಷಧಿ ಇಲ್ಲ.

ಕರ್ನಾಟಕಕ್ಕೆ ಇದು ಹೊಸ ರೋಗವಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಬೆಣಚಿನ ಪಟ್ಟೆಗಳನ್ನು ಕೊರೆದವರ ಎದೆಯಲ್ಲಿ ಸಿಲಿಕೋಸಿಸ್ ಇರುವುದನ್ನು 1940ರ ದಶಕದಲ್ಲೇ ವೈದ್ಯರು ದೊಡ್ಡ ಪ್ರಮಾಣದಲ್ಲಿ ದಾಖಲಿಸಿದ್ದರು.

ಹೊಸದು ಅಡುಗೆ ಕಟ್ಟೆಯಿಂದ ಬಂದ ಸಿಲಿಕೋಸಿಸ್. ಅಮೃತಶಿಲೆಯಲ್ಲಿ ಬೆಣಚು ನೂರಕ್ಕೆ ಕೆಲವೇ ಪಾಲು. ಗ್ರಾನೈಟಿನಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗ. ಕ್ವಾರ್ಟ್ಜ್ ಸ್ಲ್ಯಾಬಿನಲ್ಲಿ ಶೇ. 90ಕ್ಕೂ ಮೇಲೆ. ಅದರಲ್ಲೂ ಒಂದು ಪಾಲು ಮೊದಲೇ ನುಣ್ಣನೆಯ ಹಿಟ್ಟಾಗಿರುತ್ತದೆ. ಅದನ್ನು ನೀರಿಲ್ಲದೆ ಕಟಿಂಗ್ ಮಷಿನ್ನಿನಲ್ಲಿ ಕೊರೆದರೆ ಏಳುವ ಮೋಡ ಬಹುಪಾಲು ಶುದ್ಧ ಬೆಣಚು. 2012ರಲ್ಲಿ ಇಸ್ರೇಲಿನ ವೈದ್ಯರು ಪ್ರಕಟಿಸಿದ ವರದಿಯಲ್ಲಿ, ಕೃತಕ ಕಲ್ಲು ಕೊರೆದು ಸಿಲಿಕೋಸಿಸ್ ಬಂದು ಶ್ವಾಸಕೋಶ ಕಸಿಯ ಕೇಂದ್ರಕ್ಕೆ ಬಂದಿದ್ದ 25 ರೋಗಿಗಳ ವಿವರವಿತ್ತು. ಕ್ಯಾಲಿಫೋರ್ನಿಯಾದ 52 ರೋಗಿಗಳ ಅಧ್ಯಯನ 2023ರಲ್ಲಿ ಹೊರಬಂತು. ಹೆಚ್ಚುಕಮ್ಮಿ ಎಲ್ಲರೂ ಲ್ಯಾಟಿನ್ ಅಮೆರಿಕದಿಂದ ದುಡಿಯಲು ಬಂದವರು. ವಯಸ್ಸಿನ ಮಧ್ಯಾಂಕ 45. ಹತ್ತು ಜನ ಆಗಲೇ ತೀರಿಕೊಂಡಿದ್ದರು. ಗಣಿಯಲ್ಲಿ ದಶಕಗಳ ದುಡಿಮೆಯ ನಂತರ ಬರುತ್ತಿದ್ದ ರೋಗ ಇಲ್ಲಿ ಕೆಲವೇ ವರ್ಷಗಳಲ್ಲಿ ಬರುತ್ತಿದೆ.

ಆಸ್ಟ್ರೇಲಿಯಾ ಇದನ್ನು ನೋಡಿಕೊಂಡು ಸುಮ್ಮನಿರಲಿಲ್ಲ. ಅಲ್ಲಿನ ಕೇಂದ್ರ, ರಾಜ್ಯಗಳ ಸಚಿವರು 2023ರ ಡಿಸೆಂಬರಿನಲ್ಲಿ ಒಮ್ಮತಕ್ಕೆ ಬಂದು, 2024ರ ಜುಲೈ 1ರಿಂದ ಇಂಥ ಕೃತಕ ಕಲ್ಲಿನ ತಯಾರಿಕೆ, ಸರಬರಾಜು, ಅಳವಡಿಕೆಗಳನ್ನು ನಿಷೇಧಿಸಿದರು. ಇಂಥ ಹೆಜ್ಜೆ ಇಟ್ಟ ಮೊದಲ ದೇಶ ಅದು. ಸಿಲಿಕಾ ಕಡಿಮೆ ಮಾಡಿದ ಕೃತಕ ಕಲ್ಲಿಗಾದರೂ ವಿನಾಯಿತಿ ಕೊಡಬಹುದೇ ಎಂದು ಪರಿಶೀಲಿಸಿದ ಅಲ್ಲಿನ ಸುರಕ್ಷತಾ ಸಂಸ್ಥೆ, ಅದು ಸುರಕ್ಷಿತವೆನ್ನಲು ಆಧಾರವಿಲ್ಲ ಎಂದಿತು.

ಒಂದು ಮಾತು ಸ್ಪಷ್ಟವಾಗಿರಲಿ. ಕೂರಿಸಿ ಮುಗಿದ ಕ್ವಾರ್ಟ್ಜ್ ಕಟ್ಟೆ ಅದರ ಮೇಲೆ ಅಡುಗೆ ಮಾಡುವವರಿಗೆ ಅಪಾಯ ತರುವುದಿಲ್ಲ. ಸುಮ್ಮನಿರುವ ಸ್ಲ್ಯಾಬಿನಿಂದ ದೂಳು ಏಳುವುದಿಲ್ಲ. ಅಪಾಯವೆಲ್ಲ ಕೊರೆಯುವ, ಅಂಚು ತಿಕ್ಕುವ, ಪಾಲಿಶ್ ಹಿಡಿಯುವ ಹೊತ್ತಿನದು. ಆ ಹೊತ್ತು ನಮ್ಮಲ್ಲಿ ಎಲ್ಲಿ ಕಳೆಯುತ್ತದೆ ನೋಡಿ: ಅರ್ಧ ಕಟ್ಟಿದ ಮನೆಯ ಮುಂದಿನ ಮರಳಿನ ರಾಶಿಯ ಪಕ್ಕದಲ್ಲಿ, ಕುಕ್ಕರುಗಾಲಿನಲ್ಲಿ ಕೂತ ಹುಡುಗನೊಬ್ಬ ಮೂಗಿಗೆ ಟವೆಲ್ ಸುತ್ತಿಕೊಂಡು ಒಣ ಬ್ಲೇಡು ಓಡಿಸುತ್ತಿರುತ್ತಾನೆ. ಹುಬ್ಬು, ರೆಪ್ಪೆ, ತಲೆಗೂದಲೆಲ್ಲ ಬೆಳ್ಳಗಾಗಿರುತ್ತವೆ. ಕಣ್ಣಿಗೆ ಕಾಣುವ ಆ ಬಿಳುಪಿಗಿಂತ, ಕಾಣದೆ ಗಾಳಿಯಲ್ಲಿ ಗಂಟೆಗಟ್ಟಲೆ ತೇಲುವ ಕಣವೇ ಕೊಲ್ಲುವುದು. ಟವೆಲಿನ ನೇಯ್ಗೆ ಆ ಕಣವನ್ನು ತಡೆಯುವುದಿಲ್ಲ. ಕಾರ್ಮಿಕ ಸುರಕ್ಷತೆಯ ಕಾಯ್ದೆಯ ಪ್ರಕಾರ ಸಿಲಿಕೋಸಿಸ್ ವರದಿ ಮಾಡಲೇಬೇಕಾದ ರೋಗ. ಆದರೆ ಮೂರು ನಾಲ್ಕು ಜನ ದುಡಿಯುವ ಕಟಿಂಗ್ ಯಾರ್ಡಿಗೆ, ಮನೆಯ ಅಂಗಳಕ್ಕೆ ಆ ಕಾಯ್ದೆಯ ಕಣ್ಣು ಸಾಮಾನ್ಯವಾಗಿ ತಲುಪುವುದಿಲ್ಲ. ಅಲ್ಲಿ ತಲುಪಬಲ್ಲವರು ಮನೆ ಕಟ್ಟಿಸುವ ನಾವು.

ಹಾಗಾದರೆ ಯಾವುದು?

ದಿನವೂ ಹುಳಿ, ಅರಿಸಿನ, ಒಗ್ಗರಣೆ ಕಾಣುವ ನಮ್ಮ ಅಡುಗೆಮನೆಗೆ ಡಾಲರೈಟಿನ ಕರಿಕಲ್ಲಿಗಿಂತ ಒಪ್ಪುವ ಕಲ್ಲು ಸಿಗುವುದು ಕಷ್ಟ. ಹುಳಿಗೆ ಕರಗದು, ಬಿಸಿಗೆ ಬೆದರದು, ಕಲೆ ಕುಡಿಯದು, ಸೀಲರ್ ಕೇಳದು. ಬೆಣಚು ಕಡಿಮೆ ಇರುವುದರಿಂದ ಕೊರೆಯುವವನ ಎದೆಗೂ ಬೇರೆ ಗ್ರಾನೈಟುಗಳಿಗಿಂತ ಅದರ ಹೊರೆ ಕಡಿಮೆ. ಎರಡೂ ಪ್ರಶ್ನೆಗಳಿಗೆ ಒಟ್ಟಿಗೇ ಒಳ್ಳೆಯ ಉತ್ತರ ಕೊಡುವ ಕಲ್ಲು ನಮ್ಮದೇ ರಾಜ್ಯದ ನೆಲದಲ್ಲಿದೆ. ಕಪ್ಪು ಬೇಡವೆನ್ನುವವರು ನೀರಿನ ಪರೀಕ್ಷೆ ಗೆದ್ದ, ಸಣ್ಣ ಹರಳಿನ ಗ್ರಾನೈಟ್ ಆರಿಸಿ ಸೀಲರ್ ಹಚ್ಚಿಸಲಿ. ಕಡಪ, ಶಹಾಬಾದ್ ಕಲ್ಲುಗಳು ಕಪಾಟಿನ ಹಲಗೆಗೆ, ಅಮೃತಶಿಲೆ ದೇವರ ಮನೆಗೆ ಚೆನ್ನ. ಬಿಳಿ ಕಟ್ಟೆಯೇ ಬೇಕೆಂದು ಮನಸ್ಸು ಮಾಡಿದವರು ಕ್ವಾರ್ಟ್ಜ್ ಬದಲು ಸಿಂಟರ್ಡ್ ಸ್ಲ್ಯಾಬನ್ನು ಒಮ್ಮೆ ನೋಡುವುದು ಒಳ್ಳೆಯದು. ಅದರಲ್ಲೂ ಸಿಲಿಕಾ ಇಲ್ಲದಿಲ್ಲ, ಕ್ವಾರ್ಟ್ಜ್‌ನಷ್ಟು ಇರುವುದಿಲ್ಲ.

ಯಾವ ಕಲ್ಲನ್ನೇ ಆರಿಸಿದರೂ ಅಳತೆಯನ್ನು ಮೊದಲೇ ಸರಿಯಾಗಿ ಕೊಟ್ಟು, ಸಿಂಕ್ ಕಟಿಂಗ್, ಅಂಚಿನ ನೋಸಿಂಗ್ ಎಲ್ಲವನ್ನೂ ನೀರು ಹರಿಸುವ ಯಂತ್ರವಿರುವ ಯಾರ್ಡಿನಲ್ಲೇ ಮಾಡಿಸಬೇಕು. ಮನೆಯಲ್ಲಿ ಸಣ್ಣಪುಟ್ಟ ಕೊರೆತ ಉಳಿದರೆ ಬ್ಲೇಡಿನ ಮೇಲೆ ನೀರು ಬೀಳುತ್ತಲೇ ಇರಬೇಕು. ನೀರು ತಾಗಿದ ದೂಳು ಕೆಸರಾಗಿ ಕೆಳಗೆ ಬೀಳುತ್ತದೆ, ಗಾಳಿಗೆ ಏರುವುದು ಬಹುಪಾಲು ನಿಲ್ಲುತ್ತದೆ. ಕೆಲಸದವರಿಗೆ ಟವೆಲ್ ಬದಲು ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಅಥವಾ ಅದಕ್ಕಿಂತ ಒಳ್ಳೆಯ ಮಾಸ್ಕ್ ಕೊಡಿಸಬೇಕು. ಬಿದ್ದ ಕೆಸರನ್ನು ಒಣಗಲು ಬಿಡದೆ ಒದ್ದೆಯಿದ್ದಾಗಲೇ ತೆಗೆಯಬೇಕು. ಒಣ ದೂಳನ್ನು ಪೊರಕೆಯಿಂದ ಗುಡಿಸಿದರೆ ಅದು ಮತ್ತೆ ಮೇಲೇಳುತ್ತದೆ, ಈ ಬಾರಿ ಗುಡಿಸುವ ಹೆಂಗಸಿನ ಎದೆಗೆ ಇಳಿಯುತ್ತದೆ. ಇದಕ್ಕೆಲ್ಲ ಒಂದಿಷ್ಟು ಹೆಚ್ಚು ಕೂಲಿ, ಅರ್ಧ ದಿನ ಹೆಚ್ಚು ಹೊತ್ತು ಹಿಡಿಯಬಹುದು. ಸ್ಲ್ಯಾಬಿನ ದರ ಕೇಳುವಾಗಲೇ ‘ನೀರು ಹಾಕಿ ಕೊರೆಯುತ್ತೀರಾ?’ ಎಂದು ಕೇಳಿ, ಒಪ್ಪದ ಅಂಗಡಿಯಿಂದ ಎದ್ದು ಬನ್ನಿ. ಕೊಳ್ಳುವವರು ಹತ್ತು ಜನ ಹೀಗೆ ಎದ್ದು ಬಂದರೆ ಹನ್ನೊಂದನೆಯವರು ಬರುವ ಹೊತ್ತಿಗೆ ಆ ಯಾರ್ಡಿನಲ್ಲಿ ನಲ್ಲಿ ಬಂದಿರುತ್ತದೆ.